ಕಣಿವೆಯವರ ಭಾಷೆಗೆ ಒಬ್ಬಳೇ ದುಭಾಷಿ

ಶನಿವಾರ ಸಂಜೆ ಆರು ಹತ್ತಕ್ಕೆ ಕನ್ನಡಕದಕ್ಕ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಯಂತ್ರ ನಿಲ್ಲಿಸಿ, ಮೇಜಿನ ಮೇಲಿದ್ದ ಗಾಜಿನ ಪುಡಿ ಒರೆಸುತ್ತಿದ್ದಳು. ಇನ್ನು ಅಲ್ಲಿ ದಾಳ ಉರುಳಬೇಕಿತ್ತು.

ಬೀದಿಯವರೆಲ್ಲ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದ ಈಕೆ, ಲೆನ್ಸಿನ ಪವರ್ ಕಾಲು ಅಂಕಿ ತಪ್ಪಿದರೂ ಬಿಸಾಡಿ ಹೊಸದು ಉಜ್ಜುವವಳು. ಗಿರಾಕಿಗೆ ಗೊತ್ತಾಗುವುದಿಲ್ಲ ಎಂದರೆ, ಅವನ ತಲೆನೋವಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದಳು.

ವಾರಕ್ಕೊಮ್ಮೆ ಈ ಮೇಜಿನ ಸುತ್ತ ಕಥೆಯಾಟ. ಕಥೆ ನಡೆಸುವವಳು ಅಕ್ಕ. ಉಳಿದ ಮೂವರಿಗೆ ಒಂದೊಂದು ಪಾತ್ರ. ಗೆಲುವು ಸೋಲು ದಾಳದ್ದು. ಎಲೆಕ್ಟ್ರಿಷಿಯನ್ ತಮ್ಮ ಕಥೆಯಲ್ಲಿ ಕತ್ತಿವೀರ. ಪಕ್ಕದಂಗಡಿಯ ಟೈಲರ್ ಕಳ್ಳ. ತಮ್ಮನನ್ನು ಮದುವೆಯಾಗಿ ಹೊಸದಾಗಿ ಬಂದ ನಾದಿನಿ ದುಭಾಷಿ.

ಕಥೆಯೊಳಗಿನ ಕಣಿವೆಯವರಿಗೆ ಅಕ್ಕನೇ ಒಂದು ಭಾಷೆ ಕಟ್ಟಿದ್ದಳು. ಕಣಿವೆಯ ಮುಖಂಡನ ಮಾತನ್ನು ಆ ಭಾಷೆಯಲ್ಲೇ ಗಟ್ಟಿಯಾಗಿ ಹೇಳಿ, ಅರ್ಥವನ್ನು ದುಭಾಷಿಯ ಕಿವಿಯಲ್ಲಿ ಮಾತ್ರ ಪಿಸುಗುಟ್ಟುತ್ತಿದ್ದಳು. ದುಭಾಷಿ ಅದನ್ನು ಹೇಗೆ ಬೇಕಾದರೂ ಹೇಳಬಹುದು. ಸರಿಯೋ ತಪ್ಪೋ ಎಂದು ಅಕ್ಕ ತುಟಿ ಬಿಚ್ಚುವಂತಿಲ್ಲ. ಭಾಷೆ ಬಾರದ ಊರಲ್ಲಿ ನಿಂತವನ ಪಾಡು ಆಡುವವರಿಗೆ ತಟ್ಟಬೇಕು ಎಂಬುದು ಅವಳ ಲೆಕ್ಕ.

ಎಡವಟ್ಟಾದದ್ದು ಮಾತಿನ ಉದ್ದದಲ್ಲಿ. ಕಣಿವೆಯವರು ವಿಷಯಕ್ಕೆ ಬರುವ ಮುಂಚೆ ಅತಿಥಿಯ ಬೂಟು, ಕುದುರೆ, ದಾರಿಯ ಧೂಳು ಎಲ್ಲವನ್ನೂ ಹೊಗಳುವ ಜನ. ಅಕ್ಕ ಹೊಗಳಿಕೆಯನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದಳು, ಕಿವಿಯಲ್ಲಿ ಮಾತ್ರ ತಿರುಳಷ್ಟನ್ನೇ. ಹಾಗಾಗಿ ದುಭಾಷಿಯ ಮಾತು ಒಂದೇ ಸಾಲಿಗೆ ಮುಗಿಯುತ್ತಿತ್ತು.

"ಅವರು ಥಾನುಗಟ್ಟಲೆ ಬಟ್ಟೆ ಕೊಟ್ರು, ನೀನು ಕರ್ಚೀಫು ಹೊಲಿದು ಕೊಟ್ಟೆ," ಎಂದ ಟೈಲರ್. "ಉಳಿದ ಬಟ್ಟೆ ಎಲ್ಲಿ ತಂಗ್ಯಮ್ಮಾ?"

ತಮ್ಮ ಅಂದು ನಕ್ಕ. ಮುಂದಿನ ವಾರ ನಗಲಿಲ್ಲ. ಆಮೇಲೆ ಅನುಮಾನ ಅವನ ಜೊತೆ ಮನೆಗೂ ಹೋಯಿತು. ಅಮ್ಮ ಫೋನಿನಲ್ಲಿ ಹೇಳಿದ್ದನ್ನು ಹೆಂಡತಿ ತಿಳಿಸಿದರೆ, ಬಾಲ್ಕನಿಗೆ ಹೋಗಿ ಅಮ್ಮನಿಗೇ ಮತ್ತೆ ಫೋನ್ ಮಾಡಿ ಕೇಳತೊಡಗಿದ. ನಾದಿನಿ ಅಂಗಡಿಗೆ ಬಂದು ಒಂದೇ ಮಾತು ಹೇಳಿದ್ದಳು: "ಅತ್ತಿಗೆ, ಈಗ ಮನೇಲೂ ನನ್ನ ಮಾತಿಗೆ ಸಾಕ್ಷಿ ಬೇಕು."

ಅಕ್ಕ ನಿಯಮ ಮುರಿದು ಎಲ್ಲ ಬಿಡಿಸಿ ಹೇಳಬಹುದಿತ್ತು. ಆದರೆ ನಾದಿನಿ ಒಮ್ಮೆ ನಿಜಕ್ಕೂ ಮಾತು ಬದಲಿಸಿದ್ದಳು. ದಾರಿ ಬಿಡಲು ಮುಖಂಡ ಒತ್ತೆಯಾಗಿ ಕೇಳಿದ್ದು ಕತ್ತಿವೀರನನ್ನು. ಅವಳು ಹೇಳಿದ್ದು, ಕುದುರೆ ಕೇಳುತ್ತಿದ್ದಾನೆ ಎಂದು. ದಾಳ ಚೆನ್ನಾಗಿ ಬಿದ್ದು ಮುಖಂಡ ಕುದುರೆಗೇ ಒಪ್ಪಿದ್ದ. ಗಂಡನನ್ನು ಆಟದಲ್ಲೂ ಬಿಟ್ಟುಕೊಡದವಳು ಎಂದು ಅಕ್ಕನಿಗೆ ಅರ್ಥವಾಗಿತ್ತು. ಆದರೆ ಆಟದಲ್ಲಿ ಒಂದು ಸುಳ್ಳಾದರೆ ಮನೆಯಲ್ಲಿ ಎಷ್ಟು ಎಂದು ಎಣಿಸಲು ಕೂರುವವನು ತಮ್ಮ.

ಆ ಶನಿವಾರ ಅವನು ದಾಳ ಮುಟ್ಟಲೇ ಇಲ್ಲ.

"ಅಕ್ಕ, ಆಟ ಆಮೇಲೆ. ಇವಳು ಎಷ್ಟು ಸಲ ಮಾತು ತಿರುಚಿದ್ದಾಳೆ, ಅದನ್ನ ಹೇಳು. ನೀನು ಸುಳ್ಳು ಹೇಳೋಳಲ್ಲ, ಅದಕ್ಕೇ ಕೇಳ್ತಿದ್ದೀನಿ."

ಟೈಲರ್ ಕುರ್ಚಿ ಮುಂದಕ್ಕೆಳೆದುಕೊಂಡ. ನಾದಿನಿ ಯಾರ ಮುಖವನ್ನೂ ನೋಡಲಿಲ್ಲ. ಅಕ್ಕ ತಮ್ಮನ ಕಣ್ಣಲ್ಲಿ ಕಣ್ಣಿಟ್ಟು, ಗಿರಾಕಿಗೆ ಪವರ್ ಓದಿ ಹೇಳುವ ದನಿಯಲ್ಲೇ ಹೇಳಿದಳು:

"ಸೊನ್ನೆ."