ತಾರಸಿಯ ಎರಡು ದ್ರಾಕ್ಷಿಬಳ್ಳಿಗಳು

ಕಳೆದ ಮಂಗಳವಾರ ಬೆಳಿಗ್ಗೆ ಭೋಜರಾಜರು ವೆಸ್ಟ್ ಮಾಂಬಲಂನ ತಮ್ಮ ಮನೆಯಲ್ಲಿ ತೀರಿಕೊಂಡರು.

ವಿಮೆ ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಹಿಡಿದದ್ದು ಒಂದೇ ಗೀಳು: ಹಣ್ಣಿಲ್ಲದಿದ್ದರೂ ಎಲೆ ನೋಡಿ ದ್ರಾಕ್ಷಿಯ ತಳಿ ಗುರುತಿಸುವುದು. ತೊಟ್ಟು ಸೇರುವಲ್ಲಿ ಎಲೆ ಎಷ್ಟು ಬಾಯಿ ಬಿಟ್ಟಿದೆ, ಅಂಚಿನ ಹಲ್ಲು ಚೂಪೋ ಮೊಂಡೋ, ಬೆನ್ನಲ್ಲಿ ರೋಮ ಎಷ್ಟು ಎಂದು ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ಹೆಂಡತಿ ವಾಸಂತಿಗೆ ನಗು. "ಹೆಣ್ಣು ನೋಡೋಕೆ ಬಂದಾಗ ನನ್ನ ಮುಖಾನೂ ಇಷ್ಟು ನೋಡ್ಲಿಲ್ವಲ್ಲರೀ!"

ತಾರಸಿಯಲ್ಲಿ ಎರಡು ಡ್ರಮ್ ಇದ್ದವು. ಒಂದರಲ್ಲಿ ವಾಸಂತಿ ದೇವನಹಳ್ಳಿಯ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬೆಂಗಳೂರು ನೀಲಿ ದ್ರಾಕ್ಷಿಯ ಕಡ್ಡಿ. ಇನ್ನೊಂದರಲ್ಲಿ ನರ್ಸರಿಯ ಪನ್ನೀರ್ ದ್ರಾಕ್ಷಿ. ತಮಿಳು ಸೀಮೆಯ ಈ ಊರಿನ ಸೆಖೆಗೆ ಎರಡೂ ಹಣ್ಣು ಬಿಟ್ಟದ್ದು ಅಪರೂಪ. ವಾಸಂತಿ ತೀರಿಹೋದ ಮೇಲೆ ಭೋಜರಾಜರು ಸಂಜೆಯೆಲ್ಲ ಆ ಬಳ್ಳಿಗಳ ಚಪ್ಪರದ ಕೆಳಗೇ ಇರುತ್ತಿದ್ದರು. ಲೋಕಲ್ ರೈಲಿನ ಸದ್ದು ಬಿಟ್ಟರೆ ಅಲ್ಲಿ ಮಾತಿಗೆ ಯಾರೂ ಇರಲಿಲ್ಲ.

ಈ ವರ್ಷ ತಾರಸಿ ರಿಪೇರಿಗೆ ಬಂದವರು ಚಪ್ಪರ ಕಿತ್ತು, ಬಳ್ಳಿಗಳನ್ನು ಬುಡದವರೆಗೆ ಕತ್ತರಿಸಿ, ಡ್ರಮ್ಮುಗಳನ್ನು ಎಲ್ಲೆಲ್ಲಿಗೋ ಸರಿಸಿದರು. ಭಾರ ಹೆಚ್ಚಾಗುತ್ತದೆ, ಇನ್ನು ಒಂದೇ ಡ್ರಮ್ ಇರಲಿ ಎಂದರು ಅಪಾರ್ಟ್‌ಮೆಂಟಿನ ಸೆಕ್ರೆಟರಿ. ವಾಸಂತಿಯದು ಯಾವುದು? ಎರಡು ಮೋಟುಗಳೂ ಒಂದೇ ಥರ ಇದ್ದವು.

"ಯಾವುದಾದ್ರೂ ಒಂದು ಇಟ್ಕೊಳ್ಳಿ ಭೋಜಣ್ಣ. ದ್ರಾಕ್ಷಿ ಅಲ್ವಾ, ಹೆಂಡ್ತಿ ಅಲ್ಲ ಮಾರಾಯ್ರೆ," ಎಂದರು ಗೆಳೆಯ ಕಾಂತಪ್ಪ. ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತು ಹಳಬರಾದವರು. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡರು.

"ಚಿಗುರಲಿ ಬಿಡ್ರಿ," ಎಂದರು ಭೋಜರಾಜರು. "ಎಲೆ ಬಲೀಲಿ. ಎಳೇದ್ರಲ್ಲಿ ಎಲ್ಲಕ್ಕೂ ರೋಮ ಇರತ್ತೆ, ಮೋಸ ಹೋಗ್ತೀವಿ. ಬಲಿತ ಮೇಲೆ ನೀಲಿಗೆ ಮಾತ್ರ ಉಳಿಯತ್ತೆ."

ಸೆಕ್ರೆಟರಿಯನ್ನು ಬೇಡಿಕೊಂಡು ಕಾದರು. ಎಲೆ ಬಲಿಯುವ ಹೊತ್ತಿಗೆ ಕಣ್ಣಿನ ಪೊರೆ ಇನ್ನಷ್ಟು ದಟ್ಟವಾಗಿತ್ತು, ಭೂತಗನ್ನಡಿಯಲ್ಲೂ ಮಂಜು. ಕಳೆದ ಸೋಮವಾರ ಸಂಜೆ ಕಾಂತಪ್ಪನವರ ಕೈ ಹಿಡಿದು ತಾರಸಿ ಹತ್ತಿದರು. ಒಂದು ಬಳ್ಳಿಯ ಎಲೆಯನ್ನು ಮಗುಚಿ ಕೆನ್ನೆಗೆ ಒತ್ತಿಕೊಂಡರು, ಅಲ್ಲವೆಂದು ತಲೆಯಾಡಿಸಿದರು. ಇನ್ನೊಂದರದನ್ನು ಒತ್ತಿಕೊಂಡವರು ಹಾಗೇ ನಿಂತುಬಿಟ್ಟರು. ಅದರ ಬೆನ್ನು ಒಗೆದೊಗೆದು ಹಳತಾದ ಫ್ಲಾನೆಲ್ ಬಟ್ಟೆಯ ಹಾಗಿತ್ತು.

"ಇದೇ ಕಣ್ರೀ."

"ಹಾಗಾದ್ರೆ ಆಚೇದನ್ನು ನಾಳೆ ನಾನು ಕೊಂಡೋಗ್ತೇನೆ. ಕೋಡಂಬಾಕ್ಕಂ ಮನೇಲಿ ಸ್ವಲ್ಪ ಜಾಗ ಉಂಟು."

"ಹೂಂ."

ಕಾಂತಪ್ಪ ಮೆಟ್ಟಿಲ ಕಡೆ ತಿರುಗಿದರು. ಭೋಜರಾಜರು ಬರಲಿಲ್ಲ. ಕೈಯಿಂದ ತಡವಿ ಚೊಂಬು ಹುಡುಕಿ, ಮಾರನೆಯ ದಿನ ಹೋಗಲಿದ್ದ ಬಳ್ಳಿಯ ಬುಡಕ್ಕೆ ನೀರು ಹಾಕಿದರು.