ಸೀಟಿ ಅಕ್ಕನ ಹದಿನೆಂಟನೇ ಸಾಲು

ಬೆಳಗಿನ ಐದೂವರೆ. ಹೊಳೆ ದಂಡೆಯ ಈ ಬೀದಿಯಲ್ಲಿ ಹಾಲಿನ ಗಾಡಿಗಿಂತ ಮೊದಲು ಸದ್ದು ಮಾಡುವುದು ಒಂದು ಜೊತೆ ರಬ್ಬರ್ ಚಪ್ಪಲಿ. ಬಗಲಲ್ಲಿ ನೋಟ್‌ಬುಕ್, ಕಿವಿಯ ಮೇಲೆ ಪೆನ್ಸಿಲ್, ಕೊರಳಲ್ಲಿ ಸೀಟಿ. ಮೊದಲು ತಟ್ಟುವುದು ಟೈಲರ್ ಮನೆಯ ಬಾಗಿಲು.

"ಏನ್ ಟೈಲರೇ, ಊರಲ್ಲೇ ಇದ್ದೀರಾ?"

"ಇದ್ದೀನಕ್ಕಾ, ಎಲ್ಲಿಗೆ ಹೋಗ್ಲಿ!"

"ಬೆನ್ನು ಹೇಗಿದೆ?"

"ಅಜ್ಜನ್ನ ಹೊರೋವಷ್ಟು ಇದೆ, ಬಿಡಿ."

ಪುಸ್ತಕದಲ್ಲಿ ಒಂದು ಗೀಟು ಬೀಳುತ್ತದೆ. ಈ ಅಜ್ಜ ಟೈಲರ್‌ಗೆ ಸಂಬಂಧವಲ್ಲ, ಎದುರು ಮನೆಯಲ್ಲಿ ಹಾಸಿಗೆ ಹಿಡಿದಿರುವವರು. ಹೊಳೆ ಉಕ್ಕಿದ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ ದಿಬ್ಬದ ಮೇಲಿನ ಶಾಲೆಗೆ ಹೊತ್ತೊಯ್ಯಬೇಕಾದವರು ಟೈಲರ್ ಮತ್ತು ಅವರ ಷಡ್ಡಕ. ನಡೆಯಲಾರದವರು ಈ ಬೀದಿಯಲ್ಲಿ ಇನ್ನೂ ಹದಿನೇಳು ಮಂದಿ ಇದ್ದಾರೆ. ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಇಬ್ಬಿಬ್ಬರು ಹೊರುವವರು.

ಬೀದಿಯವರೆಲ್ಲ 'ಸೀಟಿ ಅಕ್ಕ' ಎನ್ನುವ ಈಕೆಗೆ ಐವತ್ತೆರಡು ವಯಸ್ಸು. ಅದೇ ಶಾಲೆಯಲ್ಲಿ ಆಯಾ. ನೆರೆ ಬಂದರೆ ಶಾಲೆಯೇ ಆಸರೆ, ಬೀಗದ ಕೈ ಇವರ ಸೊಂಟದಲ್ಲಿ. ನಗರಸಭೆಯವರು ಮಿಂಚುವ ಜಾಕೆಟ್ ಒಂದನ್ನು ಕೊಟ್ಟಿದ್ದಾರೆ, ಅದರಲ್ಲಿ ಇವರಂಥ ಇಬ್ಬರು ಹಿಡಿಸುತ್ತಾರೆ. "ಈಗೆಲ್ಲ ಮೊಬೈಲ್‌ಗೇ ಎಚ್ಚರಿಕೆ ಬರುತ್ತೆ ಅಂತಾರೆ. ಒಳ್ಳೇದೇ. ಆದ್ರೆ ಓದಿದ ಮೇಲೆ ಎದ್ದು ಓಡೋಕೆ ಕಾಲು ಬೇಕಲ್ಲ?" ಎಂದು, ವರದಿ ಬರೆಯಲು ಜೊತೆಗೆ ಬಂದಿರುವ ನನ್ನನ್ನೇ ಕೇಳುತ್ತಾರೆ.

ಪುಸ್ತಕ ಹುಟ್ಟಿದ್ದು ನಾಲ್ಕು ವರ್ಷದ ಹಿಂದೆ, ನೆರೆ ಬಂದಾಗ. ಕಾಲಿದ್ದವರು ಓಡಿದರು. ಇವರು ಸಿಕ್ಕವರನ್ನು ಸೇರಿಸಿಕೊಂಡು ಒಂಬತ್ತು ಜನರನ್ನು ದಿಬ್ಬ ಹತ್ತಿಸಿದರು. ಎದೆಮಟ್ಟದ ನೀರಲ್ಲಿ ತಮ್ಮ ಮನೆಗೆ ಬರುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಒಳಗೆ, ಮೇಜಿನ ಮೇಲಿಟ್ಟ ಮಂಚದಲ್ಲಿ, ನಡೆಯಲಾರದ ತಾಯಿ. ನೀರು ಹಾಸಿಗೆಯನ್ನು ಮುಟ್ಟಿತ್ತು.

"ಬೈದಿದ್ರೆ ಚೆನ್ನಾಗಿತ್ತು. 'ಬಂದ್ಯಾ ಮಗಳೇ, ಏನಾದ್ರೂ ತಿಂದ್ಯಾ' ಅಂದ್ರು." ಇಷ್ಟು ಹೇಳಿ ಮುಖ ತಿರುಗಿಸುತ್ತಾರೆ.

ನಡೆಯಲಾರದವರ ಹೆಸರು ಪುಸ್ತಕದಲ್ಲಿ ಪೆನ್ನಿನಲ್ಲಿದೆ, ಹೊರುವವರದ್ದು ಪೆನ್ಸಿಲ್‌ನಲ್ಲಿ. "ಇವತ್ತು ಸ್ನೇಹ, ನಾಳೆ ಜಗಳ. ಅಳಿಸೋಕೆ ಬರಬೇಕಲ್ಲ!" ಅದಕ್ಕೇ ದಿನಾ ಈ ಸುತ್ತು. ಯಾರಿಗೆ ಜ್ವರ, ಯಾರು ಮನೆ ಬದಲಿಸಿದರು, ಯಾರ್ಯಾರು ಮುಖ ಊದಿಸಿಕೊಂಡಿದ್ದಾರೆ ಎಂಬುದೆಲ್ಲ ಗೊತ್ತಿರಬೇಕು. ಹಾವು ಮುಂಗುಸಿಯಂತಿದ್ದ ಅಣ್ಣತಮ್ಮಂದಿರನ್ನು ಅವರ ತಾಯಿಯ ಕುರ್ಚಿಗೆ ಜೋಡಿ ಮಾಡಿದ್ದೂ ಇವರೇ. "ಮಾತಾಡ್ಬೇಡ್ರಪ್ಪಾ, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡೀರಿ, ಸಾಕು ಅಂದೆ."

ಪುಟ ತಿರುವುತ್ತೇನೆ. ಹದಿನೆಂಟನೇ ಸಾಲಿನಲ್ಲಿ ಪೆನ್ನಿನಲ್ಲಿ ಬರೆದ ಒಂದೇ ಪದ: ಅಮ್ಮ. ಎದುರಿನ ಜಾಗ ಖಾಲಿ. ನೆರೆ ಬಂದರೆ ಇವರು ಬೀದಿಯಲ್ಲಿರಬೇಕು. ಹಾಗಾದರೆ ಅಮ್ಮನನ್ನು ಹೊರುವವರು?

"ನಮ್ಮ ಮೇಲಿನ ಮಹಡಿ ಬೇಕರಿಯವರು ಹತ್ರ ಆಗ್ತಾರೆ. ಆದ್ರೆ ಮಾತು ಬಿಟ್ಟು ಎರಡು ವರ್ಷ. ಅವರ ಟ್ಯಾಂಕ್ ತುಂಬಿ ಹರಿದು ಅಮ್ಮನ ಹಾಸಿಗೆ ನೆನೀತು, ನಾನು ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ."

ಊರಿಗೆಲ್ಲ ಬುದ್ಧಿ ಹೇಳುವವರು ನೀವು, ಎಂದು ಕೆಣಕುತ್ತೇನೆ. ನಗುವುದಿಲ್ಲ. "ಬೇರೆಯವರಿಗಾದ್ರೆ ಕಾಲಿಗೂ ಬೀಳ್ತೀನಿ. ನನಗೋಸ್ಕರ ಕೇಳೋಕೆ ನಾಲಿಗೆ ಏಳಲ್ಲ. ಆ ಜಾಗದಲ್ಲಿ ಒಂದು ಹೆಸರಿದ್ರೆ ನೆಮ್ಮದಿಯಾಗಿ ಸೀಟಿ ಊದ್ತಿದ್ದೆ." ಮಳೆಗಾಲಕ್ಕೆ ಇನ್ನು ಎರಡೇ ವಾರ.

ಇವತ್ತು ತಾಲೀಮು. ಆರೂವರೆಗೆ ಸರಿಯಾಗಿ ಮೂರು ಸಲ ಸೀಟಿ. ಬಾಗಿಲುಗಳು ತೆರೆಯುತ್ತವೆ, ಕುರ್ಚಿಗಳು ಏಳುತ್ತವೆ. "ಮೆಲ್ಲಗೆ ಕಣ್ರೋ, ನಾನೇನು ಮೂಟೆನಾ!" ಎಂದು ಅಜ್ಜ ಗದರುತ್ತಾರೆ. ಅಣ್ಣತಮ್ಮಂದಿರು ತಾಯಿಯನ್ನು ಹೊತ್ತು ದಿಬ್ಬ ಹತ್ತುತ್ತಾರೆ, ತುಟಿ ಪಿಟಕ್ಕೆನ್ನದೆ. ಶಾಲೆಯ ಅಂಗಳದಲ್ಲಿ ಸೀಟಿ ಅಕ್ಕ ಎಣಿಸುತ್ತಾರೆ. ಹದಿನೇಳು ಕುರ್ಚಿ, ಇಪ್ಪತ್ತೆರಡು ನಿಮಿಷ. ಹೋದ ವರ್ಷ ಅರ್ಧ ಗಂಟೆ ಹಿಡಿದಿತ್ತಂತೆ. ಪುಸ್ತಕ ಮುಚ್ಚುತ್ತಾರೆ.

ಆಗ ಗೇಟಿನಲ್ಲಿ ಇನ್ನೊಂದು ಕುರ್ಚಿ ಕಾಣಿಸುತ್ತದೆ. ಮುಂದೆ ಹಿಡಿದವರ ಮೊಣಕೈವರೆಗೂ ಹಿಟ್ಟು. ಮಹಡಿಯಲ್ಲೇ ಬನ್ನಿನ ಹಿಟ್ಟು ನಾದುವ ಬೇಕರಿಯವರು! ಹಿಂದೆ ಹಿಡಿದವರು ಅವರ ಹೆಂಡತಿ. ಕುರ್ಚಿಯಲ್ಲಿ ಸೀಟಿ ಅಕ್ಕನ ಅಮ್ಮ, ತೊಡೆಯ ಮೇಲೆ ಊರುಗೋಲು, ಮುಖದಲ್ಲಿ ಕಾರಿನಲ್ಲಿ ಬಂದಿಳಿದವರ ಠೀವಿ.

ಬೇಕರಿಯವರು ಏದುಸಿರು ಬಿಡುತ್ತಾ ಹೇಳುವುದು ನನಗೆ, ಸೀಟಿ ಅಕ್ಕನಿಗಲ್ಲ. "ಅಜ್ಜಿ ಕೋಲಲ್ಲಿ ಸೂರು ಕುಟ್ಟಿದ್ರು ಸಾರ್. 'ಏನಪ್ಪಾ, ಸೀಟಿ ಕೇಳಿಸ್ಲಿಲ್ವಾ?' ಅಂದ್ರು. ಎರಡು ವರ್ಷದಿಂದ ಕೇಳಿಸ್ತಾನೇ ಇತ್ತು. ಯಾರೂ ಕರೀಲಿಲ್ಲ, ಅಷ್ಟೇ."

ಸೀಟಿ ಅಕ್ಕ ಪುಸ್ತಕ ಬಿಚ್ಚುತ್ತಾರೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನೋಡಿ, ಮತ್ತೆ ಅಲ್ಲೇ ಸಿಕ್ಕಿಸುತ್ತಾರೆ. "ನಿಮ್ಮ ಪೆನ್ ಕೊಡಿ ಸ್ವಲ್ಪ," ಎಂದು ನನ್ನತ್ತ ಕೈ ಚಾಚುತ್ತಾರೆ. ಹದಿನೆಂಟನೇ ಸಾಲಿನ ಎದುರು ಎರಡು ಹೆಸರು ಬರೆಯಲು ತುಂಬ ಹೊತ್ತು ಹಿಡಿಯುತ್ತದೆ, ಕಣ್ಣು ಮಂಜಾಗಿದೆ.

"ಹದಿನೆಂಟು," ಎನ್ನುತ್ತಾರೆ, ಇಡೀ ಅಂಗಳಕ್ಕೆ ಕೇಳುವಂತೆ. "ಇಪ್ಪತ್ತಾರು ನಿಮಿಷ. ನಿಮ್ಮಿಂದ ನಾಲ್ಕು ನಿಮಿಷ ತಡ ಆಯ್ತು ಬೇಕರಿಯವರೇ. ಮುಂದಿನ ಸಲ ಬೇಗ ಬನ್ನಿ."