ನಾದಸ್ವರದ ಯೋಗರಾಜ್ ಹೆಣ ಹೊತ್ತ ಮೇಲೆ

ಯೋಗರಾಜ್ ಹೊತ್ತ ಮೊದಲ ಹೆಣ ಹೂವಿನ ದುರ್ಗಮ್ಮನದು.

ಭದ್ರಾವತಿಯ ಹಳೇನಗರದ ಒಂದು ಸಣ್ಣ ದೇವಸ್ಥಾನದಲ್ಲಿ ಅವನು ದಿನಾ ಬೆಳಿಗ್ಗೆ ನಾದಸ್ವರ ನುಡಿಸುತ್ತಿದ್ದ. ಅದೇ ದೇವಸ್ಥಾನದ ಮೆಟ್ಟಿಲ ಬಳಿ ದುರ್ಗಮ್ಮ ಇಪ್ಪತ್ತು ವರ್ಷ ಕನಕಾಂಬರ, ಸೇವಂತಿಗೆ ಮಾರಿದ್ದಳು. ಒಳಗೆ ಭೂಪಾಳ ರಾಗ ಶುರುವಾಗುವುದಕ್ಕೂ ಹೊರಗೆ ಅವಳು ಬುಟ್ಟಿಯ ಒದ್ದೆ ಬಟ್ಟೆ ಸರಿಸುವುದಕ್ಕೂ ಸರಿಹೋಗುತ್ತಿತ್ತು. 2021ರ ಮೇ ತಿಂಗಳಲ್ಲಿ ಅವಳಿಗೆ ಕೊರೊನಾ ಬಂತು. ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದ ಐದನೇ ದಿನ ಹೋಗಿಬಿಟ್ಟಳು. ಮಗಳು ಮೊದಲೇ ತೀರಿಕೊಂಡಿದ್ದಳು. ಇದ್ದೊಬ್ಬ ಅಳಿಯ ಫೋನ್ ಸ್ವಿಚ್ ಆಫ್ ಮಾಡಿಕೊಂಡು ಕೂತ.

ಸುದ್ದಿ ತಂದವನು ಪಕ್ಕದ ಬೀದಿಯ ರೂಪೇಶ, ಆಂಬ್ಯುಲೆನ್ಸ್ ಡ್ರೈವರ್.

“ಯೋಗಣ್ಣ, ನಿನ್ನೆಯಿಂದ ಬಾಡಿ ಹಂಗೇ ಐತೆ. ಎತ್ತೋಕೆ ಜನ ಇಲ್ಲ. ನಾನೊಬ್ಬನೇ ಏನ್ ಮಾಡ್ಲಿ? ಇನ್ನೊಂದು ಕೈ ಬೇಕು ಕಣಣ್ಣ.”

ಯೋಗರಾಜ್‌ಗೆ ಆಗ ನಲವತ್ತೇಳು. ಆ ವರ್ಷದ ಮದುವೆಗಳೆಲ್ಲ ಒಂದೊಂದಾಗಿ ರದ್ದಾಗಿ, ನಾದಸ್ವರ ಚೀಲ ಸೇರಿ, ಅವನು ಕೆಲಸವಿಲ್ಲದೆ ಮನೆಯಲ್ಲಿದ್ದ. ಹೆಂಡತಿ ಪುಟ್ಟಲಕ್ಷ್ಮಿ ಬಾಗಿಲಿಗೆ ಅಡ್ಡ ನಿಂತಳು.

“ರೀ, ಉಸಿರಿನ ಮೇಲೆ ಬದುಕೋರು ನಾವು. ಇದು ಉಸಿರಿಗೇ ಹತ್ತೋ ಕಾಯಿಲೆ. ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ?”

ಅವಳ ಮಾತು ಸುಳ್ಳಲ್ಲ. “ದಿನಾ ವಾದ್ಯಕ್ಕೆ ಅಂತ ಒಂದು ಮೊಳ ಹೂ ಎತ್ತಿಡ್ತಿದ್ಲು” ಎಂದಷ್ಟೇ ಹೇಳಿ ಯೋಗರಾಜ್ ಚಪ್ಪಲಿ ಮೆಟ್ಟಿದ.

ಆಸ್ಪತ್ರೆಯಲ್ಲಿ ತೊಡಿಸಿದ ಪ್ಲಾಸ್ಟಿಕ್ಕಿನ ಬಿಳಿ ಉಡುಪಿನೊಳಗೆ ಬೆವರು ಇಳಿದು ಕೈಗವಸಿನ ಬೆರಳುಗಳಲ್ಲಿ ತುಂಬಿಕೊಂಡಿತು. ಜಿಪ್ ಎಳೆದ ಚೀಲದಲ್ಲಿ ದುರ್ಗಮ್ಮ ಇಷ್ಟೇನಾ ಅನ್ನಿಸುವಷ್ಟು ಹಗುರ. ಸ್ಮಶಾನದಲ್ಲಿ ಇವರ ಮುಂದೆ ಇನ್ನೂ ಆರು ಆಂಬ್ಯುಲೆನ್ಸುಗಳು ಸಾಲಾಗಿ ನಿಂತಿದ್ದವು. ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮಗಳಿದ್ದಿದ್ದರೆ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಿದ್ದಳೇನೋ. ಚೀಲ ಬಿಚ್ಚುವ ಹಾಗಿರಲಿಲ್ಲ. ಯೋಗರಾಜ್ ಚೀಲದ ಮೇಲೆಯೇ ನಾಲ್ಕು ಕಾಳು ಉದುರಿಸಿದ.

ಮರುದಿನ ರೂಪೇಶ ಮತ್ತೆ ಬಂದ. ಅದರ ಮರುದಿನವೂ ಬಂದ. ಹೀಗೆ ಆ ಮೇ, ಜೂನ್ ಎರಡು ತಿಂಗಳು ಯೋಗರಾಜ್ ಮನೆಯ ಹಿಂದಿನ ಬಚ್ಚಲುಕೊಟ್ಟಿಗೆಯಲ್ಲೇ ಮಲಗಿ ಎದ್ದು, ಭದ್ರಾವತಿಗೂ ಶಿವಮೊಗ್ಗಕ್ಕೂ ಓಡಾಡಿದ. ಎಷ್ಟು ಜನ ಎಂದು ಯಾರಾದರೂ ಕೇಳಿದರೆ ಎಣಿಸಿಲ್ಲ ಎನ್ನುತ್ತಿದ್ದ. ಅವನಿಗೆ ನೆನಪಿದ್ದುದು ಒಬ್ಬೊಬ್ಬರ ತೂಕ.

ಅವನ ಅಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಶುರುವಿನ ಕಾಲದಲ್ಲಿ ಸೇಲಂ ಕಡೆಯಿಂದ ಕೆಲಸಕ್ಕೆ ಬಂದವರು. ಪಾಳಿ ಮುಗಿಸಿ ಬಂದು ಸಂಜೆ ನಾದಸ್ವರ ಹಿಡಿಯುತ್ತಿದ್ದರು. ಅಪ್ಪ ಕಾರ್ಖಾನೆ ಬಿಟ್ಟು ವಾದ್ಯವನ್ನೇ ನೆಚ್ಚಿಕೊಂಡರು. ಯೋಗರಾಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮದುವೆ, ಗೃಹಪ್ರವೇಶಗಳ ಜೊತೆಗೆ ಸಭೆಗಳಲ್ಲಿ ಕಛೇರಿ ಮಾಡಿದ, ಆಕಾಶವಾಣಿಯಲ್ಲಿ ನುಡಿಸಿದ. ಅವನ ತೋಡಿ ರಾಗ ಕೇಳಲೆಂದೇ ಶಿವಮೊಗ್ಗದಿಂದ ಸ್ಕೂಟರ್ ಹತ್ತಿ ಬರುವವರಿದ್ದರು. ಡೋಲಿಗೆ ಪುಟ್ಟಲಕ್ಷ್ಮಿಯ ತಮ್ಮ ನಾಗೇಶ್. ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ವೇದಿಕೆಯ ಮೇಲೆ ಕೂತವರು.

ಕೊರೊನಾ ಇಳಿದ ಮೇಲೆ, ಮರುವರ್ಷದ ಫೆಬ್ರವರಿಯಲ್ಲಿ, ಶಿವಮೊಗ್ಗದಲ್ಲಿ ಒಂದು ಕಛೇರಿ ಏರ್ಪಾಡಾಯಿತು. ತಂದೆ ತಾಯಿ ಕಳೆದುಕೊಂಡ ಮಕ್ಕಳ ಓದಿಗೆ ನೆರವಾಗಲೆಂದು ನಡೆಸಿದ್ದು. ಯೋಗರಾಜ್ ಸಂಭಾವನೆ ಬೇಡವೆಂದ. ಅಂದು ತೋಡಿಯನ್ನು ಮುಕ್ಕಾಲು ಗಂಟೆ ನುಡಿಸಿದ. ಕೆಳಗಿನ ಷಡ್ಜದಲ್ಲಿ ಅವನು ಉಸಿರು ಹಿಡಿದು ನಿಂತಾಗ ಸಭೆಯಲ್ಲಿ ಒಬ್ಬರೂ ಅಲುಗಾಡಲಿಲ್ಲ. ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಡಿಕೆ ವ್ಯಾಪಾರಿ ಭೈರಪ್ಪ ಕಛೇರಿ ಏರ್ಪಡಿಸಿದ್ದ ಸಂಘದ ಅಧ್ಯಕ್ಷರು. ಶಾಲು ಹೊದಿಸಿ, ಹಾರ ಹಾಕಿ, “ಉಸಿರು ಕೊಟ್ಟು ನುಡಿಸೋರು, ಉಸಿರು ನಿಂತವರಿಗೂ ಹೆಗಲು ಕೊಟ್ರು” ಎಂದು ಮೈಕಿನಲ್ಲಿ ಹೇಳಿದರು. ಮರುದಿನ ಪತ್ರಿಕೆಯಲ್ಲಿ ಎರಡು ಫೋಟೋ ಬಂದವು. ಒಂದರಲ್ಲಿ ಅವನು ನಾದಸ್ವರ ಹಿಡಿದಿದ್ದ, ಇನ್ನೊಂದರಲ್ಲಿ ಬಿಳಿ ಉಡುಪು ತೊಟ್ಟು ಹೆಣ ಎತ್ತುತ್ತಿದ್ದ.

ಆ ಬೇಸಿಗೆ ಊರೆಲ್ಲ ಮದುವೆ. ಎರಡು ವರ್ಷ ತಡೆದಿದ್ದವೆಲ್ಲ ಒಟ್ಟಿಗೆ ನಡೆದವು. ಯೋಗರಾಜನ ಫೋನ್ ಮಾತ್ರ ಸದ್ದು ಮಾಡಲಿಲ್ಲ. ಮೊದಲೇ ಹೇಳಿದ್ದವರಲ್ಲಿ ಒಬ್ಬರು ಮದುವೆ ದೇವಸ್ಥಾನದಲ್ಲೇ ಸರಳವಾಗಿ ಅಂದರು, ಇನ್ನೊಬ್ಬರು ತಾರೀಖು ಬದಲಾಯಿತು ಅಂದರು. ಭೈರಪ್ಪನವರ ಮಗಳ ಮದುವೆ ಏಪ್ರಿಲ್‌ಗೆ ಗೊತ್ತಾಗಿತ್ತು. ವಾಲಗ ನಿಮ್ಮದೇ ಎಂದು ಎರಡು ವರ್ಷದ ಹಿಂದೆಯೇ ಅವರು ಹೇಳಿದ್ದರು. ಅದಕ್ಕೂ ದಾವಣಗೆರೆ ಕಡೆಯವರು ಬರುತ್ತಾರಂತೆ ಎಂದು ನಾಗೇಶ್ ಸುದ್ದಿ ತಂದ.

ಯೋಗರಾಜ್ ಶಿವಮೊಗ್ಗದ ಗೋಪಾಳದಲ್ಲಿದ್ದ ಅವರ ಮನೆಗೇ ಹೋದ. ಭೈರಪ್ಪ ಒಳಗೆ ಕರೆದು, ಕೂರಿಸಿ, ಕಾಫಿ ತರಿಸಿದರು.

“ಕೇಳಬಾರದು, ಆದ್ರೂ ಕೇಳ್ತಿದ್ದೀನಿ ಸಾರ್. ನನ್ನ ವಾದ್ಯದಲ್ಲಿ ಏನಾದ್ರೂ ಕುಂದು ಬಂತಾ?”

“ಛೆ, ಛೆ, ವಾದ್ಯದ ಮಾತಲ್ಲ ಮಾರಾಯ್ರೆ.” ಭೈರಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಮ್ಮಣ್ಣನ್ನ ಎತ್ತಿದ್ದು ನೀವೇ. ನಾವೆಲ್ಲ ಕಾರಲ್ಲಿ ಗಾಜು ಏರಿಸಿಕೊಂಡು ಕೂತಿದ್ವಿ. ಅದನ್ನ ನಾನು ಸಾಯೋವರೆಗೂ ಮರೆಯಲ್ಲ. ಕಷ್ಟ ಇರೋದೇ ಅಲ್ಲಿ. ಪೇಪರಲ್ಲಿ ನಿಮ್ಮ ಫೋಟೋ ನೋಡಿ ನಮ್ಮತ್ತಿಗೆ ಮೂರು ದಿನ ಊಟ ಬಿಟ್ರು. ಇನ್ನು ಧಾರೆ ಹೊತ್ತಲ್ಲಿ ನಿಮ್ಮ ಮುಖ ಕಂಡ್ರೆ? ಮನೆ ಹೆಂಗಸರೂ ಒಂದೇ ಸಮ ಹೇಳ್ತಿದ್ದಾರೆ, ಮಂಗಳವಾದ್ಯ ಅಲ್ವಾ, ಆ ಕೈಯಲ್ಲಿ ಬೇಡ ಅಂತ. ನಾನೊಬ್ಬ ಏನು ಮಾಡ್ಲಿ?”

ಯೋಗರಾಜ್ ಕಾಫಿ ಪೂರ್ತಿ ಕುಡಿದ. ಭೈರಪ್ಪ ಬೈಯಬಹುದಾದ ಮನುಷ್ಯನಾಗಿದ್ದರೆ ಬೈದು ಬರಬಹುದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನವನು ಏನೋ ಕೇಳಿದ್ದಕ್ಕೆ ಇವನು ಇನ್ನೇನೋ ಹೇಳಿದ.

ದೇವಸ್ಥಾನದವರು ನೇರವಾಗಿ ಬೇಡ ಎನ್ನಲಿಲ್ಲ. ಒಂದು ಶುದ್ಧಿ ಮಾಡಿಸಿಕೊಂಡು ಬಾ ಎಂದರು. ಮಾಡಿಸಿಕೊಂಡ. ಸ್ವಲ್ಪ ದಿನ ಹೋಗಲಿ ಎಂದರು. ಅಷ್ಟರಲ್ಲಿ ಅರ್ಚಕರ ಮಗ ಪೆನ್‌ಡ್ರೈವಿನಲ್ಲಿ ನಾದಸ್ವರ ತುಂಬಿ ತಂದು ಸ್ಪೀಕರಿಗೆ ಚುಚ್ಚಿದ್ದ. ಬೆಳಿಗ್ಗೆ ಐದೂವರೆಗೆ ಅದು ತಾನಾಗಿ ಶುರುವಾಗುತ್ತಿತ್ತು. ಮನೆಯವರೆಗೂ ಕೇಳಿಸುತ್ತಿತ್ತು.

“ಕೊರೊನಾ ಮುಗೀತಲ್ಲ, ಇನ್ನಾದ್ರೂ ಬಿಡಿ” ಎಂದಳು ಪುಟ್ಟಲಕ್ಷ್ಮಿ. ಕಾಯಿಲೆ ಮುಗಿದರೂ ರೂಪೇಶನ ಕರೆಗಳು ನಿಂತಿರಲಿಲ್ಲ. ರೈಲು ಹಳಿಯ ಮೇಲೆ ಸಿಕ್ಕವರು, ಬಸ್ ಸ್ಟ್ಯಾಂಡಿನಲ್ಲಿ ಮಲಗಿದಲ್ಲೇ ಹೋದವರು, ವಾರಸುದಾರರಿಲ್ಲದೆ ಶವಾಗಾರದಲ್ಲಿ ದಿನ ಕಳೆದವರು ಎಂದು ತಿಂಗಳಿಗೆ ಮೂರೋ ನಾಲ್ಕೋ ಇದ್ದೇ ಇರುತ್ತಿದ್ದವು. ಯೋಗರಾಜ್ ಹೆಂಡತಿಯ ಮಾತಿಗೆ ಒಪ್ಪಿದ. ರೂಪೇಶನಿಗೆ, “ನನ್ನ ಹೊಟ್ಟೆಪಾಡು ನೋಡ್ಕೋಬೇಕು ಕಣೋ, ಇನ್ನು ಕರೀಬೇಡ” ಎಂದ. ರೂಪೇಶ ಬೇಸರ ಮಾಡಿಕೊಳ್ಳಲಿಲ್ಲ, ಕರೆಯಲೂ ಇಲ್ಲ.

ಎಂಟು ತಿಂಗಳು ಹಾಗೆ ಕಳೆದವು. ಒಂದು ಮದುವೆಯೂ ಬರಲಿಲ್ಲ. ಬಿಟ್ಟ ಸುದ್ದಿ ಯಾರಿಗೆ ತಲುಪಿಸುವುದು, ಹೇಗೆ ತಲುಪಿಸುವುದು? ಹೆಣ ಹೊರುವ ಯೋಗರಾಜ ಎಂಬ ಹೆಸರು ಅವನನ್ನು ಬಿಡಲಿಲ್ಲ. ನಾಗೇಶ್ ಒಂದು ಸಂಜೆ ಬಂದು, ಹೊಸಿಲ ಹೊರಗೇ ನಿಂತ.

“ಬಾವ, ನನಗೂ ಎರಡು ಮಕ್ಕಳು. ಶಿವಮೊಗ್ಗದ ವಾಲಗದ ಸೆಟ್‌ನೋರು ಕರೀತಿದ್ದಾರೆ.”

“ಹೋಗು. ನಾನೇ ಹೇಳೋಣ ಅಂತಿದ್ದೆ.”

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ನಾಗೇಶ್ ಡೋಲು ಎತ್ತಿಕೊಂಡು ಹೋದ. ಯೋಗರಾಜ್ ಶಿವಮೊಗ್ಗದ ನವುಲೆಯಲ್ಲಿ ಒಂದು ಅಪಾರ್ಟ್‌ಮೆಂಟಿನ ಗೇಟಿಗೆ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ.

ಆ ಗೇಟಿನ ಬಳಿಯೇ ಒಮ್ಮೆ ರೂಪೇಶ ಸಿಕ್ಕ. ಮಾತಿಗೆ ಮಾತು ಬಂದು ಹೇಳಿದ: ಹಿಂದಿನ ವಾರ ಒಬ್ಬ ಮುದುಕನ ಹೆಣ ಹದಿನೈದು ದಿನ ಹಾಗೇ ಇತ್ತು. ಜೊತೆಗೆ ಬರಲು ಒಪ್ಪಿದ್ದವನು ಕುಡಿದು ಬಂದಿದ್ದ. ಗುಂಡಿಗೆ ಇಳಿಸುವಾಗ ಅವನ ಕೈ ಜಾರಿ ಹೆಣ ಬೋರಲಾಗಿ ಬಿತ್ತು. ಎತ್ತಿ ಸರಿ ಮಾಡೋಣವೆಂದರೆ ಆ ಕುಡುಕ ಆಗಲೇ ಗುದ್ದಲಿ ಹಿಡಿದು ಮಣ್ಣು ಎಳೆಯುತ್ತಿದ್ದ.

“ಬೋರಲಾಗೇ ಮುಚ್ಚಿದ್ವಿ ಯೋಗಣ್ಣ,” ಎಂದ ರೂಪೇಶ. “ನಾನೂ ಸುಮ್ಮನಿದ್ದೆ. ಸಾಕಾಗಿತ್ತು.”

ಆ ರಾತ್ರಿ ಯೋಗರಾಜ್ ಪುಟ್ಟಲಕ್ಷ್ಮಿಗೆ ಇದನ್ನು ಹೇಳಿದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ಬಿಟ್ಟರೂ ಮದುವೆ ಬರಲಿಲ್ಲ, ಬಿಡದಿದ್ದರೂ ಬರಲ್ಲ” ಎಂದಳು ಕೊನೆಗೆ. ಅದನ್ನು ಅವನು ಒಪ್ಪಿಗೆ ಎಂದೇ ತೆಗೆದುಕೊಂಡ. ಮರುದಿನ ರೂಪೇಶನಿಗೆ ತಾನೇ ಫೋನ್ ಮಾಡಿದ.

ಮಗಳು ಕವನ ಶಿವಮೊಗ್ಗದ ವಿನೋಬನಗರದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಮೆಡಿಕಲ್ ಶಾಪಿನ ಯುವರಾಜನನ್ನು ಮೆಚ್ಚಿದಳು. ಎರಡೂ ಮನೆಯವರು ಒಪ್ಪಿ, ಕಳೆದ ವರ್ಷ ಮದುವೆ ನಿಶ್ಚಯವಾಯಿತು. ಮಾತುಕತೆಗೆ ಬಂದ ದಿನ ಹುಡುಗನ ತಂದೆ ವಸಂತ್ ಎಲ್ಲ ಮುಗಿದ ಮೇಲೆ ಎಲೆ ಅಡಿಕೆ ಮೆಲ್ಲುತ್ತಾ, “ವಾಲಗ ನಮ್ ಕಡೆಯಿಂದ ಕರೆಸ್ತೀವಿ ಬೀಗರೇ. ಮಗಳ ಮದುವೇಲಿ ನಿಮಗೇ ನೂರು ಕೆಲಸ ಇರುತ್ತಲ್ಲ” ಎಂದರು.

ಅವರು ಹೋದ ಮೇಲೆ ಕವನ ಸಿಡಿದಳು. “ನೂರು ಕೆಲಸ ಅಂತೆ! ನಂಗೇನು ಗೊತ್ತಾಗಲ್ವಾ? ನಮ್ಮಪ್ಪನ ವಾದ್ಯ ಬೇಡದ ಮದುವೆ ನಂಗೂ ಬೇಡ.”

“ಹುಡುಗ ಒಳ್ಳೆಯವನಾ?”

“ಅದಲ್ಲಪ್ಪ ಪ್ರಶ್ನೆ.”

“ಅದೇ ಪ್ರಶ್ನೆ ಮಗಳೇ. ಒಳ್ಳೆಯವನಾ?”

ಕವನ ಅಳುತ್ತಾ ಹೌದೆಂದು ತಲೆಯಾಡಿಸಿದಳು. “ಹಂಗಾದ್ರೆ ಸುಮ್ಮನಿರು” ಎಂದ ಯೋಗರಾಜ್.

ಮದುವೆಯ ದಿನ ಭದ್ರಾವತಿಯ ಛತ್ರದಲ್ಲಿ ವಾಲಗದ ವೇದಿಕೆಯ ಮೇಲೆ ಕೂತಿದ್ದದ್ದು ನಾಗೇಶ್ ಸೇರಿದ್ದ ಶಿವಮೊಗ್ಗದ ತಂಡವೇ. ಸೋದರಮಾವ ಧಾರೆಯ ಹತ್ತಿರ ನಿಲ್ಲಬೇಕಾದವನು. ಕೂಲಿಗೆ ಬಂದು ಡೋಲಿನ ಹಿಂದೆ ಕೂತಿದ್ದ. ಯೋಗರಾಜನನ್ನು ಕಂಡದ್ದೇ ಮುಖ ಕೆಳಗೆ ಹಾಕಿದ. ನಾದಸ್ವರದವನು ಕಲ್ಯಾಣಿ ರಾಗ ಎತ್ತಿಕೊಂಡ. ಅವನ ಮಧ್ಯಮ ಸ್ವರ ಒಂದಿಷ್ಟು ಇಳಿದಿತ್ತು. ಯೋಗರಾಜನ ಬೆರಳುಗಳು ರೇಷ್ಮೆ ಪಂಚೆಯ ಮೇಲೆ ತಮ್ಮಷ್ಟಕ್ಕೇ ಒತ್ತಿಕೊಂಡವು. ಅದನ್ನು ಪುಟ್ಟಲಕ್ಷ್ಮಿ ಕಂಡಳು.

ಧಾರೆಯ ಹೊತ್ತು ಬಂತು. ಪುರೋಹಿತರು ಮಗಳ ಕೈಯನ್ನು ಅವನ ಕೈಯಲ್ಲಿಟ್ಟರು, ಪುಟ್ಟಲಕ್ಷ್ಮಿ ತಂಬಿಗೆಯಿಂದ ನೀರು ಬಿಟ್ಟಳು. ನೀರು ಅವನ ಬೆರಳ ಸಂದಿಯಿಂದ ಹುಡುಗನ ಕೈಗೆ ಇಳಿಯಿತು. ವಸಂತ್ ಕೈಮುಗಿದು ನಿಂತಿದ್ದರು.

“ಇದಕ್ಕೆ ಮಾತ್ರ ಈ ಕೈ ಆಗುತ್ತೆ ನೋಡಿ” ಎಂದಳು ಪುಟ್ಟಲಕ್ಷ್ಮಿ, ಅವನಿಗಷ್ಟೇ ಕೇಳುವ ಹಾಗೆ.

ಪುರೋಹಿತರು ಬೆರಳೆತ್ತಿ ಗಟ್ಟಿಮೇಳಕ್ಕೆ ಸನ್ನೆ ಮಾಡಿದರು. ನಾಗೇಶನ ಡೋಲು ಛತ್ರ ನಡುಗುವಂತೆ ಮೊಳಗಿತು. ಅಷ್ಟು ಜೋರಾಗಿ ಅವನು ಯಾವತ್ತೂ ಬಾರಿಸಿದವನಲ್ಲ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಬೆವರೆಂದುಕೊಂಡರು ಜನ.

ಮದುವೆ ಚೆನ್ನಾಗಿಯೇ ಕಳೆಯಿತು. ಕವನ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಅಪ್ಪನನ್ನು ನೋಡಲು ಬಂದು ವಾಪಸು ಹೋದಾಗಲೆಲ್ಲ ಅತ್ತೆ ಸ್ನಾನ ಮಾಡಿ ಒಳಗೆ ಬಾ ಎನ್ನುತ್ತಾರಂತೆ. ಅದನ್ನು ಅವಳು ತಾಯಿಗೆ ಹೇಳಿದ್ದಾಳೆ, ಅಪ್ಪನಿಗೆ ಹೇಳಿಲ್ಲ.

ಈಚೆಗೆ ಜನವರಿಯಲ್ಲಿ ರೈಲು ಹಳಿಯ ಪಕ್ಕದ ಪೊದೆಯಲ್ಲಿ ಒಬ್ಬ ಹೆಂಗಸಿನ ಹೆಣ ಸಿಕ್ಕಿತು. ಸುಮಾರು ಅರವತ್ತು ವಯಸ್ಸು, ಹಸಿರು ಸೀರೆ. ಗುರುತು ಹಿಡಿಯುವವರಿಲ್ಲ. ಪಂಚನಾಮೆಗೆ ಸಾಕ್ಷಿ ಬೇಕೆಂದು ಪೊಲೀಸಿನವನು ಹೆಣ ಎತ್ತಲು ಬಂದವರ ಹೆಸರನ್ನೇ ಬರೆದುಕೊಳ್ಳತೊಡಗಿದ. ಹೊಸಬ, ಬೇರೆ ಜಿಲ್ಲೆಯವನು.

“ಹೆಸರು? ವಯಸ್ಸು? ವೃತ್ತಿ?”

ರೂಪೇಶ ಡ್ರೈವರ್ ಎಂದ. ಯೋಗರಾಜನ ಸರದಿ ಬಂತು.

“ನಾದಸ್ವರ ಅಂತ ಬರ್ಕೊಳ್ಳಿ ಸಾರ್.”

ಪೊಲೀಸಿನವನು ತಲೆಯೆತ್ತಿ, ಇವನ ಗೇಟಿನ ಯೂನಿಫಾರ್ಮನ್ನು ಮೇಲಿಂದ ಕೆಳಗೆ ನೋಡಿದ. “ಎಲ್ಲಿ ನುಡಿಸ್ತೀರಿ?”

“ಈಗ ಎಲ್ಲೂ ಇಲ್ಲ.”

ಪೊಲೀಸಿನವನು ಸೆಕ್ಯೂರಿಟಿ ಗಾರ್ಡ್ ಎಂದು ಬರೆದು, ಸಹಿಗೆ ಕಾಗದ ಮುಂದೆ ಹಿಡಿದ. ಯೋಗರಾಜ್ ಓದಿ ಸಹಿ ಮಾಡಿದ. ರೂಪೇಶ ಕಾಲಿನ ಕಡೆ ಹೋದ. ಇವನು ತಲೆಯ ಕಡೆ ಬಗ್ಗಿ, ಹೆಂಗಸಿನ ಮುಖದ ಮೇಲೆ ಸೆರಗು ಎಳೆದು, ಹೆಗಲಡಿಗೆ ಕೈ ಕೊಟ್ಟ.